ಟೋಪಿಗೆ ಸಿಕ್ಕಿಸಿದ ಸುಟ್ಟ ಬಿರಡೆ: ವಸಾಹತು ಪೊಲೀಸರು, ಗಂಡಸುತನ, ಮರ್ಯಾದೆ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಉದ್ದ ಇದೆ, ಬಿಡುವಾದಾಗ ಓದಿ.

ಮೂರು ತಿಂಗಳಿಂದ ಐರ್ಲೆಂಡಿನ ಹಳೇ ಪೊಲೀಸರ ಬಗ್ಗೆ ಓದುತ್ತಿದ್ದೇನೆ. ಆಗ ಐರ್ಲೆಂಡ್ ಬ್ರಿಟಿಷರ ಆಳ್ವಿಕೆಯಲ್ಲಿತ್ತು, ಸ್ವಾತಂತ್ರ್ಯಕ್ಕಾಗಿ ಬಂಡೆದ್ದವರಿಗೂ ಈ ಪೊಲೀಸರಿಗೂ ಕಾದಾಟ ನಡೆದಿತ್ತು. ಈ ಹುಚ್ಚು ಹತ್ತಿದ್ದು ಒಂದು ಸಣ್ಣ ವಿವರದಿಂದ. 1920ರ ಡಿಸೆಂಬರ್ 11ರ ರಾತ್ರಿ ಕಾರ್ಕ್ ಊರಿನ ನಡುಮಧ್ಯಕ್ಕೆ ಪೊಲೀಸರೇ ಬೆಂಕಿ ಇಟ್ಟರು. ಅಂಗಡಿ ಬೀದಿ ಸುಟ್ಟಿತು. ನಗರಸಭೆ ಸುಟ್ಟಿತು. ಲೈಬ್ರರಿ ಪುಸ್ತಕಗಳ ಸಮೇತ ಬೂದಿಯಾಯಿತು. ಬೆಂಕಿ ಆರಿಸಲು ಬಂದವರ ನೀರಿನ ಪೈಪುಗಳನ್ನೂ ಕತ್ತರಿಸಿದರು. ಆಮೇಲೆ ಆ ತುಕಡಿಯನ್ನು ಬೇರೆ ಊರಿಗೆ ಕಳಿಸಿದಾಗ ಅವರಲ್ಲಿ ಕೆಲವರು ಟೋಪಿಗೆ ಸುಟ್ಟ ಬಿರಡೆ ಸಿಕ್ಕಿಸಿಕೊಂಡು ಓಡಾಡಿದರು. ಬಾಟಲಿಗೆ ಹಾಕುವ ಬೆಂಡಿನ ಬಿರಡೆ. ಇಂಗ್ಲಿಷಿನಲ್ಲಿ ಅದಕ್ಕೂ ಕಾರ್ಕ್ ಅಂತಲೇ ಹೆಸರು. "ಕಾರ್ಕ್ ಸುಟ್ಟವರು ನಾವು" ಅಂತ ಪದಕದ ಹಾಗೆ ಧರಿಸಿದ್ದರು.

ಊರು ಸುಟ್ಟದ್ದಕ್ಕಿಂತ ಆ ಬಿರಡೆ ನನ್ನನ್ನು ಜಾಸ್ತಿ ಕಾಡಿತು. ಸಿಟ್ಟಿನಲ್ಲಿ ಮಾಡಿದ್ದು ಅಂದರೆ ಬೆಳಗಾದ ಮೇಲೆ ನಾಚಿಕೆ ಆಗಬೇಕಿತ್ತು ಅಲ್ವಾ? ಇವರಿಗೆ ಹೆಮ್ಮೆ ಆಗಿತ್ತು.

ಇವರು ಪುಂಡರೂ ಅಲ್ಲ. ಆಕ್ಸಿಲಿಯರಿ ಡಿವಿಷನ್ ಅಂತ 1920ರ ಜುಲೈನಲ್ಲಿ ಕಟ್ಟಿದ ಪಡೆ ಅದು. ಮೊದಲ ಮಹಾಯುದ್ಧದಲ್ಲಿ ಅಧಿಕಾರಿಗಳಾಗಿದ್ದವರನ್ನೇ ಆರಿಸಿ, ದಿನಕ್ಕೆ ಒಂದು ಪೌಂಡ್ ಸಂಬಳಕ್ಕೆ ತೆಗೆದುಕೊಂಡಿದ್ದರು. ಅದಕ್ಕೂ ಮೊದಲು, ಅದೇ ವರ್ಷದ ಮಾರ್ಚಿನಿಂದ ಬ್ರಿಟನ್ನಿನ ಮಾಜಿ ಸೈನಿಕರು ದಿನಕ್ಕೆ 10 ಶಿಲಿಂಗ್, ಅಂದರೆ ಅರ್ಧ ಪೌಂಡ್ ಸಂಬಳಕ್ಕೆ ಐರಿಶ್ ಪೊಲೀಸಿಗೆ ಬಂದು ಸೇರುತ್ತಿದ್ದರು. ಪೂರ್ತಿ ಸಮವಸ್ತ್ರ ಸಾಕಾಗದೆ ಅರ್ಧ ಸೈನ್ಯದ ಖಾಕಿ, ಅರ್ಧ ಪೊಲೀಸರ ಕಡು ಹಸಿರು ತೊಟ್ಟಿದ್ದರು. ಹಾಗಾಗಿ ಜನ ಅವರಿಗೆ ಬ್ಲ್ಯಾಕ್ ಅಂಡ್ ಟ್ಯಾನ್ಸ್ ಅಂತ ಹೆಸರಿಟ್ಟರು. ಲಿಮರಿಕ್ ಕಡೆಯ ಒಂದು ಬೇಟೆನಾಯಿ ಹಿಂಡಿನ ಹೆಸರು ಅದು. ಇವರೆಲ್ಲ ಜೈಲಿನಿಂದ ಬಿಡಿಸಿ ತಂದ ಕೇಡಿಗಳು ಅನ್ನೋ ಮಾತು ಇವತ್ತಿಗೂ ಇದೆ. ದಾಖಲೆ ನೋಡಿದವರು ಅದು ಸುಳ್ಳು ಅನ್ನುತ್ತಾರೆ. ಹೆಚ್ಚಿನವರು ಯುದ್ಧ ಮುಗಿಸಿ ಬಂದು ಕೆಲಸ ಸಿಗದೆ ಕೂತಿದ್ದ ಸಾಮಾನ್ಯ ಹುಡುಗರು.

ಅವರ ಜೊತೆಗಿದ್ದ ಹಳೇ ಐರಿಶ್ ಪೇದೆಗಳ ಕಥೆ ಇನ್ನೂ ಸಂಕಟದ್ದು. 1822ರಲ್ಲಿ ಶುರುವಾದ ಪಡೆ. ಪೇದೆಗಳಲ್ಲಿ ಬಹುಪಾಲು ಕ್ಯಾಥೊಲಿಕ್ ರೈತರ ಮಕ್ಕಳು. ಕೈಯಲ್ಲಿ ಬಂದೂಕು, ವಾಸ ಬ್ಯಾರಕಿನಲ್ಲಿ. ಸ್ವಂತ ಜಿಲ್ಲೆಯಲ್ಲಿ ಕೆಲಸ ಕೊಡುವುದಿಲ್ಲ. ಹೆಂಡತಿಯ ತವರು ಜಿಲ್ಲೆಯಲ್ಲೂ ಇಲ್ಲ. ಏಳು ವರ್ಷ ಸರ್ವಿಸ್ ಆಗುವವರೆಗೆ ಮದುವೆ ಆಗುವ ಹಾಗಿಲ್ಲ. ಇಪ್ಪತ್ತರ ಹುಡುಗನಿಗೆ ಊರಿಲ್ಲ, ಸಂಸಾರ ಇಲ್ಲ. "ನೀನು ಗಂಡಸು ಕಣೋ" ಅನ್ನಲು ಬ್ಯಾರಕಿನ ಜೊತೆಗಾರರು ಬಿಟ್ಟರೆ ಯಾರೂ ಇಲ್ಲ. 1919ರ ಏಪ್ರಿಲಿನಲ್ಲಿ ಐರಿಶ್ ರಾಷ್ಟ್ರವಾದಿಗಳ ಸಂಸತ್ತು ಡಾಯ್ಲ್ ಇವರಿಗೆ ಬಹಿಷ್ಕಾರ ಹಾಕಿ ಅಂತ ಕರೆ ಕೊಟ್ಟಿತು. ಜನ ಮಾತಾಡಿಸುವುದು ಬಿಟ್ಟರು, ಅಂಗಡಿಯವರು ಸಾಮಾನು ಕೊಡುವುದು ಬಿಟ್ಟರು. ಆಮೇಲೆ ಗುಂಡು. 1921ರ ಹೊತ್ತಿಗೆ 400ಕ್ಕೂ ಹೆಚ್ಚು ಪೊಲೀಸರು ಸತ್ತಿದ್ದರು.

ನನಗೆ ಅನ್ನಿಸಿದ್ದು ಇಷ್ಟು. ಈ ಗಂಡಸರ ಮರ್ಯಾದೆ ಎಲ್ಲಿಂದ ಸಿಗುತ್ತದೆ ಅನ್ನೋದನ್ನು ಸರ್ಕಾರವೇ ತೀರ್ಮಾನ ಮಾಡಿತ್ತು. ಊರಿನಿಂದ ಸಿಗದ ಹಾಗೆ ಮಾಡಿ, ಮನೆಯಿಂದ ಸಿಗದ ಹಾಗೆ ಮಾಡಿ, ಪಡೆಯಿಂದ ಮಾತ್ರ ಸಿಗುವ ಹಾಗೆ ಇಟ್ಟಿತ್ತು. ಪಡೆಯ ಒಬ್ಬನಿಗೆ ಏಟು ಬಿದ್ದರೆ ತಿರುಗಿ ಹೊಡೆಯದವನು ಗಂಡಸೇ ಅಲ್ಲ. ಯಾರಿಗೆ ಹೊಡೆದೆ ಅನ್ನೋದು ಲೆಕ್ಕಕ್ಕೇ ಇಲ್ಲ. 1920ರ ನವೆಂಬರ್ 21ರ ಬೆಳಿಗ್ಗೆ ಡಬ್ಲಿನ್ನಿನಲ್ಲಿ ಬ್ರಿಟಿಷ್ ಗುಪ್ತಚರ ಅಧಿಕಾರಿಗಳನ್ನು ಬಂಡುಕೋರರು ಕೊಂದರು. ಮಧ್ಯಾಹ್ನ ಕ್ರೋಕ್ ಪಾರ್ಕಿನಲ್ಲಿ ಫುಟ್ಬಾಲ್ ನೋಡಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಒಂದೂವರೆ ನಿಮಿಷದ ಗೋಲಿಬಾರು, 14 ಸಾವು. ಟಿಪ್ಪೆರರಿ ತಂಡದ ಆಟಗಾರ ಮೈಕೆಲ್ ಹೋಗನ್ ಮೈದಾನದಲ್ಲೇ ಸತ್ತರು. ಬೆಳಗಿನ ಕೊಲೆಗೂ ಆ ಪ್ರೇಕ್ಷಕರಿಗೂ ಏನು ಸಂಬಂಧ?

ನಿಮಗೆಲ್ಲ ಏನು ಅನ್ನಿಸುತ್ತದೆ? ನಮ್ಮ ಕಡೆಯ ಹಳೇ ಪೊಲೀಸರಿಗೂ ಇದು ಹೊಂದುತ್ತದಾ?

ಬಳ್ಳಾರಿ ಬಿಸಿಲು:

ತುಂಗಾತೀರ ಸರ್, ತುಂಬಾ ಒಳ್ಳೆಯ ಪೋಸ್ಟ್. ನಮ್ಮ ಕಡೆಗೆ ಹೊಂದುತ್ತದಾ ಅಂತ ಕೇಳಿದಿರಿ. ಇನ್ನೊಂದು 65 ವರ್ಷ ಹಿಂದಕ್ಕೆ ಹೋಗೋಣ.

1855ರ ಮದ್ರಾಸ್ ಚಿತ್ರಹಿಂಸೆ ಆಯೋಗದ ವರದಿ ಅಂತ ಒಂದಿದೆ. ಎಲಿಯಟ್, ಸ್ಟೋಕ್ಸ್, ನಾರ್ಟನ್ ಅಂತ ಮೂವರು ಸದಸ್ಯರು. ಆಗ ನಮ್ಮ ಬಳ್ಳಾರಿ, ಮಂಗಳೂರು, ಕಾರವಾರ ಎಲ್ಲ ಮದ್ರಾಸ್ ಪ್ರೆಸಿಡೆನ್ಸಿಯಲ್ಲೇ ಇದ್ದವು. ಕಂದಾಯ ವಸೂಲಿ ಮಾಡುವವರೂ ಪೊಲೀಸ್ ಕೆಲಸ ಮಾಡುವವರೂ ಆಗ ಒಂದೇ ಜನ. ಕಿಸ್ತು ಕಟ್ಟದ ರೈತನನ್ನೂ ಕಳ್ಳನನ್ನೂ ಒಂದೇ ಚಾವಡಿಗೆ ಎಳೆದು ತರುತ್ತಿದ್ದರು.

ಅಲ್ಲಿ ಏನೇನು ಮಾಡುತ್ತಿದ್ದರು ಅನ್ನೋ ಪಟ್ಟಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಕಿಟ್ಟಿ ಅಂತ ಬೆರಳು ಹಿಂಡುವ ಮರದ ಸಾಧನ. ಬಿಸಿಲಲ್ಲಿ ನಿಲ್ಲಿಸುವುದು, ಮಂಡಿಯ ಹಿಂದೆ ಇಟ್ಟಿಗೆ ಚೂರು ಇಟ್ಟು ಕುಕ್ಕರಗಾಲಲ್ಲಿ ಕೂರಿಸುವುದು. ಇವು ನೋವಿಗೆ. ಇನ್ನೊಂದು ಬಗೆಯವು ನೋಡಿ. ಮನುಷ್ಯನ ಜುಟ್ಟನ್ನು ಕತ್ತೆಯ ಬಾಲಕ್ಕೋ ಎಮ್ಮೆಯ ಬಾಲಕ್ಕೋ ಕಟ್ಟುವುದು. ಇಬ್ಬರು ಬಾಕಿದಾರರ ಜುಟ್ಟುಗಳನ್ನು ಒಂದಕ್ಕೊಂದು ಗಂಟು ಹಾಕುವುದು. ಕೊರಳಿಗೆ ಮೂಳೆಯ ಹಾರ ಹಾಕುವುದು. ಕೆಳಜಾತಿ ಅಂತ ಕರೆಸಿಕೊಂಡವನನ್ನು ಬೆನ್ನ ಮೇಲೆ ಹತ್ತಿಸುವುದು.

ಕತ್ತೆಯ ಬಾಲಕ್ಕೆ ಜುಟ್ಟು ಕಟ್ಟಿದರೆ ಮೈಗೆ ಎಷ್ಟು ನೋವಾಗುತ್ತದೆ? ಊರೆಲ್ಲ ನಿಂತು ನೋಡುತ್ತದೆ, ಅದು ಮುಖ್ಯ. ಹೆಂಡತಿ ಮಕ್ಕಳ ಮುಂದೆ ಗಂಡಸಿನ ಮಾನ ತೆಗೆದರೆ ಅವನು ಸಾಲ ಮಾಡಿಯಾದರೂ ದುಡ್ಡು ತರುತ್ತಾನೆ. ಆ ಲೆಕ್ಕ ಚಾವಡಿಯವರಿಗೆ ಚೆನ್ನಾಗಿ ಗೊತ್ತಿತ್ತು.

ನನಗೆ ಸಿಟ್ಟು ಬರುವುದು ವರದಿಯ ತೀರ್ಪಿನ ಮೇಲೆ. ಇದೆಲ್ಲ ದೇಶೀ ನೌಕರರ ಕೆಲಸ, ಯುರೋಪಿಯನ್ ಅಧಿಕಾರಿಗಳಿಗೆ ಇದರಲ್ಲಿ ಪಾಲಿಲ್ಲ ಅನ್ನೋ ಧಾಟಿ ಅದರದ್ದು. ಕಿಸ್ತಿನ ಮೊತ್ತ ನಿಗದಿ ಮಾಡಿದ್ದು ಯಾರು? ಇಂಥ ದಿನದೊಳಗೆ ಬೊಕ್ಕಸಕ್ಕೆ ಬರಬೇಕು ಅಂದದ್ದು ಯಾರು? ಹೊಡೆದವನ ಕೈ ಮಾತ್ರ ಕಂಡಿತು.

ಜೋಳದ ರೊಟ್ಟಿ:

ಇಬ್ಬರ ಮಾತೂ ಓದಿದೆ. ನನ್ನದು ಸ್ವಲ್ಪ ತಕರಾರು.

ಮೊದಲನೆಯದು, "ಪಾಪ, ಅವರಿಗೂ ಅವಮಾನ ಆಗಿತ್ತು" ಅನ್ನೋ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ? ಹೀಗೆ ಹೊರಟರೆ ಹೊಡೆದವರಿಗೆಲ್ಲ ಒಂದೊಂದು ಕಾರಣ ಸಿಗುತ್ತದೆ. ಕ್ರೋಕ್ ಪಾರ್ಕಿನಲ್ಲಿ ಸತ್ತವರಲ್ಲಿ ಚಿಕ್ಕ ಹುಡುಗರೂ ಇದ್ದರು. ಅವರ ಅಮ್ಮಂದಿರಿಗೆ ಪೊಲೀಸರ ಬ್ಯಾರಕಿನ ಸಂಕಟ ಹೇಳಲು ಆಗುತ್ತದಾ?

ಎರಡನೆಯದು, ಭಾರತದ ಪೊಲೀಸರು ಐರಿಶ್ ಮಾದರಿ ಅಂತ ಎಲ್ಲರೂ ಬರೆಯುತ್ತಾರೆ. ಅರ್ಧ ನಿಜ. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಐರಿಶ್ ಪಡೆ ನೋಡಿಕೊಂಡು ಅಲ್ಲಿ ಪೊಲೀಸ್ ಕಟ್ಟಿದ್ದು ಹೌದು. 1861ರ ಪೊಲೀಸ್ ಕಾಯ್ದೆಗೆ ಅದರ ನೆರಳು ಇರುವುದೂ ಹೌದು. ಆದರೆ ಐರಿಶ್ ಪೇದೆಗೆ ಬಂದೂಕು ಇತ್ತು, ನಮ್ಮ ಠಾಣೆಯ ಪೇದೆಗೆ ಇದ್ದದ್ದು ಲಾಠಿ. ಬಂದೂಕು ಜಿಲ್ಲಾ ಕೇಂದ್ರದ ಮೀಸಲು ಪಡೆ ಹತ್ತಿರ. ಐರಿಶ್ ಪೇದೆಗೆ ವಾಸ ಬ್ಯಾರಕು. ನಮ್ಮವನಿಗೆ ಹಳ್ಳಿಯಲ್ಲಿ ತಳವಾರನೇ ಕಣ್ಣು ಕಿವಿ. ಎರಡನ್ನೂ ಒಂದೇ ಅಚ್ಚಿಗೆ ಸುರಿಯಬೇಡಿ.

ತುಂಗಾತೀರ:

ಜೋಳದ ರೊಟ್ಟಿಯವರೇ, ಎರಡನೇ ಮಾತು ಪೂರ್ತಿ ಒಪ್ಪಿದೆ.

ಮೊದಲನೆಯದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. 1920ರ ಜೂನ್ 19, ಕೆರ್ರಿ ಜಿಲ್ಲೆಯ ಲಿಸ್ಟೋವೆಲ್ ಠಾಣೆ. ವಿಭಾಗದ ಪೊಲೀಸ್ ಕಮಿಷನರ್ ಜೆರಾಲ್ಡ್ ಸ್ಮಿತ್ ಬಂದ. ಯುದ್ಧದಲ್ಲಿ ಒಂದು ಕೈ ಕಳೆದುಕೊಂಡವನು. ಹುಟ್ಟಿದ್ದು ನಮ್ಮ ಪಂಜಾಬ್ ಪ್ರಾಂತ್ಯದ ಡಾಲ್‌ಹೌಸಿಯಲ್ಲಿ. ಪೇದೆಗಳನ್ನು ಸಾಲಾಗಿ ನಿಲ್ಲಿಸಿ, ಅನುಮಾನ ಬಂದವರಿಗೆ ಗುಂಡು ಹೊಡೆಯಿರಿ, ತಪ್ಪಾದರೆ ನಾನು ನೋಡಿಕೊಳ್ಳುತ್ತೇನೆ ಅನ್ನೋ ಅರ್ಥದ ಭಾಷಣ ಮಾಡಿದ ಅಂತ ಅಲ್ಲಿದ್ದ ಪೇದೆ ಜೆರೆಮಯ ಮೀ ಆಮೇಲೆ ಹೇಳಿದರು. ಸ್ಮಿತ್ ಅದನ್ನು ಒಪ್ಪಲಿಲ್ಲ. ಮೀ ಏನು ಮಾಡಿದರು ಗೊತ್ತಾ? ಟೋಪಿ ತೆಗೆದರು, ಬೆಲ್ಟ್ ಬಿಚ್ಚಿದರು, ಬಯೊನೆಟ್ ತೆಗೆದರು, ಮೂರನ್ನೂ ಮೇಜಿನ ಮೇಲೆ ಇಟ್ಟರು. ಇವೂ ಇಂಗ್ಲಿಷರವೇ, ತೆಗೆದುಕೊಳ್ಳಿ ಅಂದರು. ಅವರನ್ನು ಹಿಡಿಯಿರಿ ಅಂದಾಗ ಜೊತೆಗಿದ್ದ ಪೇದೆಗಳು ಹಿಡಿಯಲು ಬಿಡಲಿಲ್ಲ.

ಅದೇ ಬ್ಯಾರಕು, ಅದೇ ಏಳು ವರ್ಷದ ನಿಯಮ, ಅದೇ ಬಹಿಷ್ಕಾರ. ಮೀ ಬೆಲ್ಟ್ ಬಿಚ್ಚಿಟ್ಟರು. ಅಂದರೆ ಬಿಚ್ಚಿಡಲು ಸಾಧ್ಯ ಇತ್ತು. ಹಾಗಾಗಿ ನಾನು ಯಾರಿಗೂ ಮಾಫಿ ಕೊಡುತ್ತಿಲ್ಲ ಸರ್. ಬಿಚ್ಚಿಡುವುದು ಅಷ್ಟೊಂದು ಕಷ್ಟ ಯಾಕಾಯಿತು ಅಂತ ಕೇಳುತ್ತಿದ್ದೇನೆ.

ಅದೇ ತಿಂಗಳು ಜಲಂಧರ್‌ನಲ್ಲಿ ಕನ್ನಾಟ್ ರೇಂಜರ್ಸ್ ಅನ್ನೋ ಐರಿಶ್ ಪಲ್ಟನ್ನಿನ ಸೈನಿಕರು, ಐರ್ಲೆಂಡಿನಲ್ಲಿ ಬ್ಲ್ಯಾಕ್ ಅಂಡ್ ಟ್ಯಾನ್ಸ್ ಮಾಡುತ್ತಿದ್ದ ದಬ್ಬಾಳಿಕೆಯ ಸುದ್ದಿ ಕೇಳಿ ಇನ್ನು ಕೆಲಸ ಮಾಡುವುದಿಲ್ಲ ಅಂತ ಕೂತರು. ಜೇಮ್ಸ್ ಡೇಲಿ ಅನ್ನೋ ಹುಡುಗನನ್ನು ನವೆಂಬರ್ 2ರಂದು ದಗ್ಶಾಯಿ ಜೈಲಿನಲ್ಲಿ ಗುಂಡಿಟ್ಟು ಕೊಂದರು. ಅವನೂ ಗಂಡಸೇ ಅಲ್ವಾ?

ಕಾರ್ಕಿನ ನರ್ಸ್:

ನಾನು ಮೂಡಬಿದಿರೆ ಕಡೆಯವಳು. ಆರು ವರ್ಷದಿಂದ ಇಲ್ಲೇ ಕಾರ್ಕಿನಲ್ಲಿ ಇದ್ದೇನೆ. ಡ್ಯೂಟಿಗೆ ಹೋಗುವಾಗ ದಿನಾ ಆ ನಗರಸಭೆ ಮುಂದೆಯೇ ಹೋಗುತ್ತೇನೆ. ಸುಟ್ಟು ಹೋದ ಮೇಲೆ ಮತ್ತೆ ಕಟ್ಟಿದ್ದು. ಬಿಳಿ ಕಲ್ಲಿನ ಕಟ್ಟಡ, ಪಕ್ಕದಲ್ಲೇ ಲೀ ನದಿ. ಬಿರಡೆ ಕಥೆ ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಅಲ್ಲಿ ಎರಡು ನಿಮಿಷ ನಿಂತೆ.

ನೀವು ಗಂಡಸರು ಗಂಡಸರ ಬಗ್ಗೆಯೇ ಮಾತಾಡುತ್ತಿದ್ದೀರಿ. ಹೆಂಗಸರ ಕೂದಲಿನ ವಿಷಯ ಯಾರೂ ಎತ್ತಲಿಲ್ಲ.

ಪೊಲೀಸರ ಜೊತೆ ಓಡಾಡುತ್ತಾಳೆ ಅಂತ ಗೊತ್ತಾದರೆ ಬಂಡುಕೋರರು ಆ ಹುಡುಗಿಯ ತಲೆಗೂದಲು ಕತ್ತರಿಸುತ್ತಿದ್ದರು. ಬಂಡುಕೋರರ ಅಕ್ಕನೋ ತಂಗಿಯೋ ಆದರೆ ಪೊಲೀಸರು ರಾತ್ರಿ ಮನೆಗೆ ನುಗ್ಗಿ ಅವಳ ಕೂದಲು ಕತ್ತರಿಸುತ್ತಿದ್ದರು. ಎರಡೂ ಕಡೆ ಒಂದೇ ಕತ್ತರಿ. ನಾನು ನೋಡಿಕೊಳ್ಳುತ್ತಿದ್ದ ಒಬ್ಬ ವಯಸ್ಸಾದ ಅಜ್ಜಿ ಹೇಳಿದ್ದರು, ಅವರ ದೊಡ್ಡಮ್ಮನಿಗೆ ಹಾಗೆ ಮಾಡಿದ್ದರಂತೆ. ಕೂದಲು ಬೆಳೆಯುವವರೆಗೆ ಅವರು ಚರ್ಚಿಗೇ ಹೋಗಲಿಲ್ಲವಂತೆ. ಯಾವ ಕಡೆಯವರು ಕತ್ತರಿಸಿದ್ದು ಅಂತ ಕೇಳಿದೆ. ಅಜ್ಜಿ ಕಿಟಕಿ ಕಡೆ ತಿರುಗಿಕೊಂಡರು. ನಾನು ಮತ್ತೆ ಕೇಳಲಿಲ್ಲ.

ಮನೆಯ ಗಂಡಸಿಗೆ ಅವಮಾನ ಮಾಡಬೇಕು ಅಂದರೆ ಹೆಂಗಸಿನ ತಲೆಗೆ ಕೈ ಹಾಕು. ಇದನ್ನು ಬ್ರಿಟಿಷರು ಯಾರಿಗೂ ಕಲಿಸಬೇಕಾಗಿರಲಿಲ್ಲ. ಆ ಹುಡುಗಿಯ ಮಾನ ಅವಳದ್ದಲ್ಲ, ಅಪ್ಪನದ್ದು, ಅಣ್ಣನದ್ದು ಅಂತ ಹೊಡೆಯುವವರೂ ಹೊಡೆಸಿಕೊಂಡವರೂ ಒಪ್ಪಿಕೊಂಡಿದ್ದರು.

ಬಳ್ಳಾರಿ ಬಿಸಿಲು:

ಅಕ್ಕಾ, ನೀವು ಹೇಳಿದ್ದು ಸರಿ. ನಾನು ಜುಟ್ಟಿನ ಬಗ್ಗೆ ಅಷ್ಟು ಬರೆದೆ, ಈ ಕಡೆಗೆ ನನ್ನ ಗಮನವೇ ಹೋಗಿರಲಿಲ್ಲ.

ನೀಲಿ ಬಾವುಟ:

ನಾನು ಬೇರೆ ಕಡೆಯಿಂದ ಬರುತ್ತೇನೆ. ಮೇಲಿನ ಪಟ್ಟಿಯಲ್ಲಿ "ಕೆಳಜಾತಿಯವನನ್ನು ಬೆನ್ನ ಮೇಲೆ ಹತ್ತಿಸುವುದು" ಅಂತ ಇದೆ. ಎಲ್ಲರೂ ಕೆಳಗೆ ಬಗ್ಗಿದವನ ಅವಮಾನ ನೋಡಿದಿರಿ. ಮೇಲೆ ಹತ್ತಿಸಿದವನನ್ನು ನೋಡಿ. ಅವನನ್ನು ಚಿತ್ರಹಿಂಸೆಯ ಸಾಮಾನಿನ ಹಾಗೆ ಬಳಸಿಕೊಂಡರು. ಕತ್ತೆಯ ಬಾಲ ಹೇಗೋ ಇವನೂ ಹಾಗೆ. ಅವನ ಮರ್ಯಾದೆ ಬಗ್ಗೆ ಆಯೋಗದಲ್ಲಿ ಯಾರೂ ಕೇಳಲಿಲ್ಲ.

ಇನ್ನೊಂದು ವಿಷಯ. 1910ರಲ್ಲಿ ದಖನ್ನಿನ ಮಹಾರರು ಸರ್ಕಾರಕ್ಕೆ ಒಂದು ಮನವಿ ಕೊಟ್ಟರು. ಶಿವರಾಮ ಜಾನಬಾ ಕಾಂಬಳೆ ಅದರ ಮುಂದಾಳು. ಸೈನ್ಯಕ್ಕೆ ನಮ್ಮನ್ನು ಮತ್ತೆ ಸೇರಿಸಿಕೊಳ್ಳಿ, ಪೊಲೀಸಿನಲ್ಲೂ ಜಾಗ ಕೊಡಿ ಅಂತ ಕೇಳಿದ್ದರು. ಹುಟ್ಟಿನಿಂದಲೇ ವೀರರಾದ ಜಾತಿಗಳು ಬೇರೆ, ಉಳಿದವರು ಬೇರೆ ಅಂತ ಬ್ರಿಟಿಷರು ಒಂದು ಪಟ್ಟಿ ಮಾಡಿಕೊಂಡಿದ್ದರಲ್ಲ, ಅದರಲ್ಲಿ ನಮ್ಮನ್ನು ಹೊರಗೆ ಇಟ್ಟಿದ್ದರು. ನೀವು ಆ ಬೆಲ್ಟನ್ನು ಬಿಚ್ಚಿಡುವ ಮಾತಾಡುತ್ತೀರಿ. ನಮ್ಮ ಹಿರಿಯರು ಅದು ನಮಗೂ ಬೇಕು ಅಂತ ಅರ್ಜಿ ಬರೆದರು. ಸಮವಸ್ತ್ರ ತೊಟ್ಟವನನ್ನು ಮೇಲುಕೇರಿಯವನು "ಏಯ್" ಅಂತ ಕರೆಯಲು ಒಂದು ಕ್ಷಣ ಯೋಚಿಸುತ್ತಾನೆ. ಆ ಒಂದು ಕ್ಷಣಕ್ಕೆ ಎಷ್ಟು ಬೆಲೆ ಅಂತ ಅದು ಸಿಗದವರನ್ನು ಕೇಳಬೇಕು.

ಹಾಗಾಗಿ ಸಮವಸ್ತ್ರದ ಮರ್ಯಾದೆ ಅಂದರೆ ಬರೀ ಹೊಡೆಯುವ ಮರ್ಯಾದೆ ಅಂತ ಬರೆಯಬೇಡಿ ಅಂತ ನನ್ನ ಕೋರಿಕೆ.

ತುಂಗಾತೀರ:

ನೀಲಿ ಬಾವುಟ ಅಣ್ಣ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮೊದಲ ಪೋಸ್ಟಿನಲ್ಲಿ ನಾನು ಈ ಮಾತಿಗೆ ಜಾಗವೇ ಇಟ್ಟಿರಲಿಲ್ಲ. ತಪ್ಪಾಯಿತು.

ನಿವೃತ್ತ ದಫೇದಾರ:

ಎರಡು ದಿನದಿಂದ ಸುಮ್ನೆ ಓದುತ್ತಿದ್ದೆ. ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡಿ ಬರೆಯುತ್ತಿದ್ದೇನೆ.

ನಾನು 34 ವರ್ಷ ಇಲಾಖೆಯಲ್ಲಿದ್ದೆ. ಯಾವ ಜಿಲ್ಲೆ ಅಂತ ಬೇಡ. ಟ್ರೈನಿಂಗಿನಲ್ಲಿ ನನಗೆ 21 ವಯಸ್ಸು. ಸೊಂಟದ ಹತ್ತಿರ ಉಳುಕಿ ಓಟದಲ್ಲಿ ಹಿಂದೆ ಬಿದ್ದೆ. ನಮ್ಮ ಉಸ್ತಾದ್ ಎಲ್ಲರ ಎದುರು "ಬಳೆ ತೊಟ್ಟುಕೊಂಡು ಮನೆಯಲ್ಲಿ ಕೂತ್ಕೋ ಹೋಗೋ" ಅಂದರು. ಮಾರನೇ ದಿನ ನಿಜವಾಗಿಯೂ ಒಂದು ಡಜನ್ ಹಸಿರು ಗಾಜಿನ ಬಳೆ ತರಿಸಿ ನನ್ನ ಟ್ರಂಕಿನ ಮೇಲೆ ಇಟ್ಟಿದ್ದರು. ಮೂರು ದಿನ ಅವು ಅಲ್ಲೇ ಇದ್ದವು. ತೆಗೆದರೆ ಇನ್ನೇನಾಗುತ್ತದೋ ಅನ್ನೋ ಭಯಕ್ಕೆ ನಾನೂ ತೆಗೆಯಲಿಲ್ಲ.

ಆಮೇಲೆ ಠಾಣೆಗೆ ಬಂದೆ. ಮೊದಲ ಸಲ ಒಬ್ಬ ಪಿಕ್‌ಪಾಕೆಟ್ ಹುಡುಗನನ್ನು ಹಿಡಿದು ತಂದರು. ಹೊಡಿ ಅಂದರು. ನನ್ನ ಕೈ ಏಳಲಿಲ್ಲ. ಪಕ್ಕದಲ್ಲಿದ್ದವನು ಮೆಲ್ಲಗೆ ಬಳೆ ಅಲ್ಲಾಡಿಸುವ ಹಾಗೆ ಕೈ ಆಡಿಸಿದ. ಅವನಿಗೆ ಟ್ರೈನಿಂಗಿನ ಕಥೆ ಗೊತ್ತಿತ್ತು. ನಾನು ಹೊಡೆದೆ. ಜೋರಾಗಿಯೇ ಹೊಡೆದೆ. ಆ ಹುಡುಗ ತಪ್ಪು ಮಾಡಿದ್ದನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಾನು ಹೊಡೆದದ್ದು ಆ ಬಳೆಗಳಿಗೆ.

ಇದು ಬ್ರಿಟಿಷರ ಕಾಲದ ಮಾತಲ್ಲ, 1980ರ ದಶಕದ್ದು. ಮಾಫಿ ಕೇಳುತ್ತಿದ್ದೇನೆ ಅಂತ ತಿಳಿಯಬೇಡಿ. ಜೋಳದ ರೊಟ್ಟಿಯವರು ಹೇಳಿದ್ದು ಸರಿ, ಆ ಹುಡುಗನ ಅಮ್ಮನಿಗೆ ನನ್ನ ಬಳೆ ಕಥೆಯಿಂದ ಏನೂ ಆಗಬೇಕಿಲ್ಲ.

ಜೋಳದ ರೊಟ್ಟಿ:

ದಫೇದಾರ್ ಸಾಹೇಬರೇ, ಇದನ್ನು ಬರೆದದ್ದಕ್ಕೆ ದೊಡ್ಡ ನಮಸ್ಕಾರ. ಮೇಲೆ ನಾನು ಆಡಿದ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ. ನೀವೂ ತೆಗೆದುಕೊಳ್ಳಿ ಅನ್ನಲಿಲ್ಲ.

ಒಂದು ವಿಷಯ ಸೇರಿಸುತ್ತೇನೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ ಅನ್ನೋ ನಿಯಮ ಇದೆಯಲ್ಲ, 2024ರಲ್ಲಿ ಹೊಸ ಕಾಯ್ದೆ ಬರುವವರೆಗೆ ಅದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಆಗಿತ್ತು. 1872ಕ್ಕೂ ಮೊದಲು 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಬಂದಿತ್ತು. 1861ರಲ್ಲಿ ಪೊಲೀಸ್ ಕಟ್ಟಿದ ಸರ್ಕಾರವೇ ಅದೇ ವರ್ಷ, ಈ ಪೊಲೀಸರ ಮುಂದೆ ಹೇಳಿದ ಮಾತು ನಂಬಬೇಡಿ ಅಂತ ಕಾನೂನು ಮಾಡಿತು. 1902ರಲ್ಲಿ ಆಂಡ್ರ್ಯೂ ಫ್ರೇಸರ್ ಅಧ್ಯಕ್ಷತೆಯ ಪೊಲೀಸ್ ಆಯೋಗ ಬಂತು. ಜನ ಪೊಲೀಸರನ್ನು ಭ್ರಷ್ಟರು, ದಬ್ಬಾಳಿಕೆ ಮಾಡುವವರು ಅಂತಲೇ ನೋಡುತ್ತಾರೆ ಅಂತ ಅದೂ ಬರೆಯಿತು. ತನ್ನ ಸರ್ಕಾರವೇ ತನ್ನ ಮಾತು ನಂಬದ ಕೆಲಸ ಮಾಡುವವನ ಮರ್ಯಾದೆ ಇನ್ನೆಲ್ಲಿ ಉಳಿಯುತ್ತದೆ? ಲಾಠಿಯಲ್ಲಿ ಉಳಿಯಿತು. ಈ ಮಟ್ಟಿಗೆ ತುಂಗಾತೀರ ಅವರ ವಾದಕ್ಕೆ ನಾನು ಬಂದೆ.

ತುಂಗಾತೀರ:

ಐರಿಶ್ ಪಡೆ 1922ರಲ್ಲಿ ವಿಸರ್ಜನೆ ಆಯಿತು. ಕೆಲಸ ಹೋದವರಲ್ಲಿ ನೂರಾರು ಜನ ಅದೇ ವರ್ಷ ಪ್ಯಾಲೆಸ್ತೀನಿಗೆ ಹೋಗಿ ಅಲ್ಲಿನ ಬ್ರಿಟಿಷ್ ಜೆಂಡಾರ್ಮರಿ ಅನ್ನೋ ಸಶಸ್ತ್ರ ಪೊಲೀಸ್ ಪಡೆ ಸೇರಿದರು. ಐರ್ಲೆಂಡಿನ ಡೆರಿಯಲ್ಲಿ ಹುಟ್ಟಿದ ಚಾರ್ಲ್ಸ್ ಟೆಗಾರ್ಟ್ ಕಲ್ಕತ್ತಾ ಪೊಲೀಸ್ ಕಮಿಷನರ್ ಆಗಿ ಹೆಸರು ಮಾಡಿ, 1937ರಲ್ಲಿ ಪ್ಯಾಲೆಸ್ತೀನಿಗೇ ಸಲಹೆಗಾರನಾಗಿ ಹೋದ. ಇದನ್ನು ಬೇರೆ ಪೋಸ್ಟಿನಲ್ಲಿ ಬರೆಯುತ್ತೇನೆ. ದಫೇದಾರ್ ಸರ್ ಬರೆದದ್ದರ ಕೆಳಗೆ ಈಗ ಹೆಚ್ಚು ಬರೆಯಲು ಮನಸ್ಸಿಲ್ಲ.

ವರದೆಯ ದಡ:

ನಮ್ಮ ಅಜ್ಜ ಮುಂಬಯಿ ಸರ್ಕಾರದ ಕಾಲದಲ್ಲಿ ಧಾರವಾಡ ಜಿಲ್ಲೆಯಲ್ಲಿ ಪೇದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವರು ಪೊಲೀಸರ ಗುಂಡಿಗೆ ಬಲಿಯಾದರಲ್ಲ, ಆಗ ಅಜ್ಜ ಅಲ್ಲಿ ಇರಲಿಲ್ಲ, ಬೇರೆ ಠಾಣೆಯಲ್ಲಿದ್ದರು. ಆದರೆ ಜನಕ್ಕೆ ಆ ಲೆಕ್ಕ ಎಲ್ಲಿ? ಅಜ್ಜಿ ಬಾವಿಗೆ ಹೋದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದರಂತೆ. ತುಂಗಾತೀರ ಅವರು ಬರೆದ ಬಹಿಷ್ಕಾರ ಓದಿ ನನಗೆ ಆ ಬಾವಿ ನೆನಪಾಯಿತು.

ಅಜ್ಜನ ಬೆಲ್ಟಿಗೆ ಹಿತ್ತಾಳೆ ಬಿಲ್ಲೆ ಇತ್ತು. ಪ್ರತಿ ಭಾನುವಾರ ಹುಣಸೆಹಣ್ಣು ಹಚ್ಚಿ ತಾವೇ ಉಜ್ಜುತ್ತಿದ್ದರು. ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಸಾಹೇಬರು ಎಲ್ಲರೆದುರು ಬೈದ ದಿನ, ಊರಲ್ಲಿ ಯಾರೋ ಮುಖ ತಿರುಗಿಸಿದ ದಿನ, ಅದೇ ಬೆಲ್ಟಿನಿಂದ ಅಜ್ಜಿಗೆ ಹೊಡೆಯುತ್ತಿದ್ದರು. ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಅಜ್ಜ ತೀರಿಕೊಂಡ ಮೇಲೆ ಅಪ್ಪ ಆ ಬೆಲ್ಟನ್ನು ಫೋಟೋದ ಪಕ್ಕ ತೂಗುಹಾಕಬೇಕು ಅಂದರು. ಅಜ್ಜಿ ಬೇಡ ಅಂದಳು. ಬಿಲ್ಲೆ ಕಿತ್ತು ಹಳೇ ಪಾತ್ರೆ ಕೊಳ್ಳುವವನಿಗೆ ಹಾಕಿದಳು. ಚರ್ಮದ ಪಟ್ಟಿಯನ್ನು ಎರಡು ತುಂಡು ಮಾಡಿ, ಕೊಟ್ಟಿಗೆ ಬಾಗಿಲಿಗೆ ತಿರುಗಣಿಯ ಬದಲು ಮೊಳೆ ಹೊಡೆಸಿದಳು.

ಕಾರ್ಕಿನ ನರ್ಸ್:

ಆ ಬಾಗಿಲು ಈಗಲೂ ಇದೆಯಾ?

ವರದೆಯ ದಡ:

ಇದೆ ಅಕ್ಕ. ಮೊಳೆ ಎರಡು ಸಲ ಬದಲಾಯಿಸಿದ್ದೇವೆ. ಪಟ್ಟಿ ಅದೇ.